ನಾಲಾದ ಮೋರಿ ಮತ್ತೆ ಕಟ್ಟಿದೆ, ಭಾನುವಾರ ಯಾರು ಬರುತ್ತೀರಿ?

ಬೇವಿನ ಮರದ ಮನೆ: ನಿನ್ನೆ ಅರ್ಧ ತಾಸು ಮಳೆ ಬಂತು, ಅಷ್ಟೇ. ಪಾರ್ಕ್ ಹಿಂದಿನ ಮೋರಿ ಕಟ್ಟಿ ನೀರೆಲ್ಲ ರಸ್ತೆಗೆ ಬಂತು. ಕೋಲು ಹಾಕಿ ಎಳೆದೆ. ಜಡೆ ಹೆಣೆದಂತೆ ಗುಟ್ಕಾ ಚೀಟು, ಹಾಲಿನ ಪಾಕೀಟು, ಮದುವೆ ಊಟದ ಪ್ಲಾಸ್ಟಿಕ್ ಲೋಟ, ಸಣ್ಣ ಹುಡುಗರ ಒಂಟಿ ಚಪ್ಪಲಿ.

ಮೂಲೆಮನೆ ಕಾಕಾ: ನಾವು ತೆಗೆಯೋದು, ಅವರು ಹಾಕೋದು. ಮೋರಿ ದಾಟಿ ಹೋದರೆ ಹೋಗಲಿ ಬಿಡ್ರಿ.

3ನೇ ಕ್ರಾಸ್ ವೈನಿ: ಎಲ್ಲಿಗೆ ಹೋಗಲಿ ಕಾಕಾ? ನಮ್ಮ ನಾಲಾ ಧಾರವಾಡದ ಸೋಮೇಶ್ವರದ ಕಡೆ ಇಳಿದು ಶಾಲ್ಮಲಾ ನದಿ ಸೇರುತ್ತದೆ. ಶಾಲ್ಮಲಾ ಬೇಡ್ತಿಗೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿ ಅನ್ನಿಸಿಕೊಂಡು, ಅಂಕೋಲಾ-ಗೋಕರ್ಣದ ನಡುವೆ ಸಮುದ್ರಕ್ಕೆ. ನನ್ನ ತವರು ಅಲ್ಲೇ. ಮೊದಲ ನೆರೆ ಇಳಿದ ಮೇಲೆ ನೋಡಬೇಕು, ಅಳಿವೆಯ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡದ ಬೇರಿಗೆಲ್ಲ ಕವರ್ ಸುತ್ತಿಕೊಂಡಿರುತ್ತದೆ. ಏಡಿ, ಸಿಗಡಿ, ಮೀನಿನ ಮರಿ ಬೆಳೆಯೋದು ಆ ಬೇರಿನ ಸಂದಿಯಲ್ಲೇ. ಅಣ್ಣ ಬಲೆ ಎಳೆದರೆ ಮೊದಲು ಪ್ಲಾಸ್ಟಿಕ್ ಬಿಡಿಸುತ್ತಾನೆ, ಆಮೇಲೆ ಮೀನು. ಕಡಲಾಮೆ ತೇಲುವ ಕವರನ್ನೇ ಲೋಳೆಮೀನು ಅಂತ ನುಂಗುತ್ತದೆ. ಅದು ನಮ್ಮ ಓಣಿಯದೇ ಅಂತ ಹೇಳೋಕೆ ಬರೋದಿಲ್ಲ. ಅಲ್ಲ ಅನ್ನೋಕೂ ಬರೋದಿಲ್ಲ.

ಮೂಲೆಮನೆ ಕಾಕಾ: ಹಂಗಾದರೆ ನೀರು ಆ ಕಡೆ ಇಳಿಯೋ ದಿಬ್ಬದ ಆಚೆಯವರು ಪಾರಾದರು!

ಟ್ಯಾಂಕ್ ಎದುರುಮನೆ: ಎಲ್ಲಿ ಪಾರು? ಆಚೆ ಇಳಿದ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಧಾರವಾಡದವರು ಎರಡೂ ಸಮುದ್ರಕ್ಕೆ ಕಸ ಕಳಿಸುತ್ತೇವೆ. ಪ್ಲಾಸ್ಟಿಕ್ ಲೋಟ, ಕೈಚೀಲ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿವೆ. 2022ರ ಜುಲೈ 1ರಿಂದ ಲೋಟ, ತಟ್ಟೆ, ಸ್ಟ್ರಾ ದೇಶದಲ್ಲೆಲ್ಲ ಬಂದ್. ಆದರೂ ಮೋರಿ ತುಂಬ ಅವೇ. ಕಲ್ಯಾಣ ಮಂಟಪದವರ ಹತ್ತಿರ ಇಬ್ಬರು ಹೋಗಿ ಮಾತಾಡೋಣ. ಜಗಳ ಬೇಡ, ಸ್ಟೀಲ್ ಲೋಟ ಇಡಿ ಅನ್ನೋಣ.

ಬೇವಿನ ಮರದ ಮನೆ: ಸರಿ. ಭಾನುವಾರ ಬೆಳಿಗ್ಗೆ 7ಕ್ಕೆ. ಕೈಗವಸು, ಸಲಿಕೆ, ಗೋಣಿಚೀಲ ತನ್ನಿ. ವಾರ್ಡ್ ಆಫೀಸಿಗೆ ಹೇಳಿ ಮೋರಿ ಬಾಯಿಗೆ ಜಾಲರಿ ಹಾಕಿಸೋಣ ಅಂತಿದ್ದೇನೆ. ಆದರೆ ಹಾಕಿಸಿ ಸುಮ್ನೆ ಬಿಟ್ಟರೆ ನೀರು ಮೊದಲು ನುಗ್ಗೋದು ನಮ್ಮ ಮನೆಗೇ. ಮಳೆ ಬಂದಾಗಲೆಲ್ಲ ಜಾಲರಿ ಬಳಿಯೋಕೆ ಪಾಳಿ ಬೇಕು.

3ನೇ ಕ್ರಾಸ್ ವೈನಿ: ಬುಧವಾರ ನಾನು. ಭಾನುವಾರದ ಚಹಾ, ಅವಲಕ್ಕಿಯೂ ನಮ್ಮದೇ. ಲೋಟ ನಿಮ್ಮ ನಿಮ್ಮ ಮನೆಯಿಂದ ತನ್ನಿ.

ಮೂಲೆಮನೆ ಕಾಕಾ: ಮಂಗಳವಾರ ನನಗೆ ಹಚ್ಚಿರಿ. ಆ ಚಪ್ಪಲಿ ನೀಲಿ ಏನು? ಮೊಮ್ಮಗನದೊಂದು ನಾಲ್ಕು ದಿನದಿಂದ ಕಾಣಿಸುತ್ತಿಲ್ಲ.