ಅಪ್‌ಡೇಟ್: 14 ವರ್ಷ 4 ತಿಂಗಳ ಸೇನಾ ಸೇವೆಗೆ ಪಿಂಚಣಿ ಸಿಗುತ್ತಾ?

ನಮ್ಮ ಚಿಕ್ಕಪ್ಪ ಭೂಸೇನೆಯಲ್ಲಿ ಸಿಪಾಯಿಯಾಗಿದ್ದವರು. 14 ವರ್ಷ 4 ತಿಂಗಳಿಗೆ ಬಿಡುಗಡೆಯಾದರು, ಪಿಂಚಣಿ ಇಲ್ಲ, ಏನಾದರೂ ದಾರಿ ಇದೆಯಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ದಾರಿ ಇದೆ. ಸಿಪಾಯಿಯಿಂದ ಜೆಸಿಒವರೆಗೆ (ಜೂನಿಯರ್ ಕಮಿಷನ್ಡ್ ಆಫೀಸರ್, ಅಂದರೆ ಸುಬೇದಾರ್ ಮುಂತಾದವರು) ಸರ್ವಿಸ್ ಪಿಂಚಣಿಗೆ 15 ವರ್ಷ ಅರ್ಹ ಸೇವೆ, ಅಂದರೆ ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವೆ, ಬೇಕು. ಆದರೆ ಕೊರತೆ 12 ತಿಂಗಳೊಳಗಿದ್ದರೆ ಅದನ್ನು ಮನ್ನಾ ಮಾಡುವ ಅವಕಾಶ ನಿಯಮದಲ್ಲೇ ಇದೆ. ನಮಗೆ ಬೇಕಿರುವುದು 8 ತಿಂಗಳು ಅಷ್ಟೇ. ಇಷ್ಟು ವರ್ಷ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ ನೋಡಿ!

ಒಂದು ತೊಡಕು ಮಾತ್ರ ಇತ್ತು. ತಾವಾಗಿಯೇ ಕೇಳಿ ಹೊರಬಂದವರಿಗೆ ನಿಯಮದ ಪ್ರಕಾರ ಈ ಮನ್ನಾ ಇಲ್ಲ. ಅದಕ್ಕೇ ಡಿಸ್ಚಾರ್ಜ್ ಬುಕ್ (ಬಿಡುಗಡೆಯಾದಾಗ ಸೇನೆ ಕೊಡುವ ಸೇವಾ ವಿವರದ ಪುಸ್ತಕ) ಹುಡುಕಿಸಿದೆ. ಟ್ರಂಕಿನ ತಳದಲ್ಲಿತ್ತು, ಅಂಚೆಲ್ಲ ಗೆದ್ದಲು ತಿಂದಿತ್ತು. ಪುಣ್ಯಕ್ಕೆ ಬಿಡುಗಡೆಯ ಕಾರಣ ಬರೆದ ಸಾಲು ಉಳಿದಿದೆ, ‘ಸ್ವಂತ ಕೋರಿಕೆ’ ಅಂತ ಇಲ್ಲ. ಗೈರುಹಾಜರಿಯ ನಮೂದೂ ಇಲ್ಲ. ಅನುಮತಿ ಇಲ್ಲದೆ ಗೈರಾದ ದಿನಗಳನ್ನು ಸಾಮಾನ್ಯವಾಗಿ ಅರ್ಹ ಸೇವೆಗೆ ಸೇರಿಸುವುದಿಲ್ಲ, ಹಾಗಾಗಿ ಅದನ್ನೂ ನೋಡಿಕೊಂಡೆ.

ಅವರ ಸೇವಾ ದಾಖಲೆ ಇಟ್ಟುಕೊಂಡಿರುವ ಸೇನೆಯ ರೆಕಾರ್ಡ್ ಆಫೀಸಿಗೆ ಅರ್ಜಿ ಹೋಗಿದೆ. ಬಿಡುಗಡೆಯಾದಾಗ ಕೊಟ್ಟಿದ್ದ ಗ್ರಾಚ್ಯುಟಿ (ಒಂದೇ ಸಲಕ್ಕೆ ಕೊಡುವ ಹಣ) ವಿವರವನ್ನೂ ಮುಚ್ಚಿಡದೆ ಬರೆದಿದ್ದೇವೆ. ಚಿಕ್ಕಪ್ಪ ಮಾತ್ರ ‘ಸುಮ್ನೆ ಅಂಚೆ ಖರ್ಚು’ ಅಂತಿದ್ದಾರೆ. ಉತ್ತರ ಬಂದ ಮೇಲೆ ಮತ್ತೆ ಬರೆಯುತ್ತೇನೆ.