ಪತ್ರಿಕೆಯಿಂದ ಕತ್ತರಿಸಿದ ಕ್ರಿಕೆಟ್ ಚಿತ್ರಗಳು ಸಂಗ್ರಹದ ಕಾರ್ಡುಗಳಾಗುತ್ತವೆಯೇ?

ಪ್ರಶ್ನೆ: ದಾವಣಗೆರೆಯ ಅಳಿಯ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಎಪ್ಪತ್ತರ ದಶಕದಿಂದ ತೊಂಬತ್ತರ ದಶಕದ ಕೊನೆಯವರೆಗೆ ದಿನಪತ್ರಿಕೆಗಳಿಂದ ಕತ್ತರಿಸಿಟ್ಟ ಕ್ರಿಕೆಟ್ ಚಿತ್ರಗಳು ಈಗ ನನ್ನ ಬಳಿ ಇವೆ. ಚಂದ್ರಶೇಖರ್, ಪ್ರಸನ್ನ, ವಿಶ್ವನಾಥ್, ಕಿರ್ಮಾನಿ, ಬಿನ್ನಿ, ಕುಂಬ್ಳೆ, ಹೀಗೆ ನಮ್ಮ ರಾಜ್ಯದ ಆಟಗಾರರೇ ಹೆಚ್ಚು. ಕೆಲವು ಚಿತ್ರಗಳು ಹಳೆಯ ಲೆಕ್ಕದ ಪುಸ್ತಕದ ಹಾಳೆಗಳ ನಡುವೆ ಬಿಡಿಯಾಗಿಯೇ ಇವೆ. ಉಳಿದವನ್ನು ಅವರು ಇಸ್ಪೀಟೆಲೆಯ ಅಳತೆಗೆ ಕತ್ತರಿಸಿದ ಲಗ್ನಪತ್ರಿಕೆಗಳ ಮೇಲೆ ಮೈದಾ ಅಂಟಿನಿಂದ ಅಂಟಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಆಟಗಾರನ ಹೆಸರು, ಆಡಿದ ಟೆಸ್ಟ್, ಗಳಿಸಿದ ರನ್, ಪಡೆದ ವಿಕೆಟ್ ಇವಿಷ್ಟನ್ನೂ ಮಸಿಯಲ್ಲಿ ಬರೆದಿದ್ದಾರೆ. ಅಂಚು ಎದ್ದಿರುವ ಕಡೆ ಚಿತ್ರದ ಅಡಿಯಿಂದ ಯಾರದೋ ಮದುವೆಯ ಮುಹೂರ್ತದ ಕೆಂಪು ಅಕ್ಷರಗಳು ಕಾಣುತ್ತವೆ.

ಕಾರ್ಡು ಸಂಗ್ರಹಿಸುವ ಪರಿಚಿತರೊಬ್ಬರು ಇವೆಲ್ಲ ರದ್ದಿಗೆ ಸಮ ಎಂದರು. ಬಿಡಿ ಚಿತ್ರಗಳನ್ನೂ ಹಾಗೆಯೇ ರಟ್ಟಿಗೆ ಅಂಟಿಸಿ, ಅಂಚು ಸಮ ಮಾಡಿ, ಕಾರ್ಡುಗಳೆಂದು ಆನ್‌ಲೈನ್‌ನಲ್ಲಿ ಮಾರಬಹುದು ಎಂಬುದು ನನ್ನ ತಮ್ಮನ ಸಲಹೆ. ಇವನ್ನು ಕಾರ್ಡುಗಳೆಂದು ಕರೆಯುವುದು ಸರಿಯೇ? ತಮ್ಮ ಹೇಳಿದಂತೆ ಮಾಡಬಹುದೇ?

ಉತ್ತರ: ಹಳೆಯ ಪುರವಣಿ

ಕರೆಯುವಂತಿಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಪರಿಚಿತರು ಹೇಳಿದ ರದ್ದಿಯ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ.

ಕಾರ್ಡನ್ನು ಕಾರ್ಡನ್ನಾಗಿ ಮಾಡುವುದು ಅದರ ದಪ್ಪವೂ ಅಲ್ಲ, ಅಳತೆಯೂ ಅಲ್ಲ. ಯಾರೋ ಒಬ್ಬ ಪ್ರಕಾಶಕ ಅಥವಾ ತಯಾರಕ, ಜನರು ಕೂಡಿಡಲಿ, ಬದಲಾಯಿಸಿಕೊಳ್ಳಲಿ ಎಂಬ ಉದ್ದೇಶದಿಂದಲೇ ಅದನ್ನು ಒಂದು ಸರಣಿಯ ಭಾಗವಾಗಿ ಹೊರತಂದಿರಬೇಕು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ ಸಿಗರೇಟು ಪೊಟ್ಟಣಗಳೊಳಗೆ ಇಟ್ಟ 50 ಕ್ರಿಕೆಟಿಗರ ಕಾರ್ಡುಗಳು ಇದಕ್ಕೆ ಒಳ್ಳೆಯ ನಿದರ್ಶನ. ಪೊಟ್ಟಣ ಮುದುಡದಂತೆ ಹಾಕುತ್ತಿದ್ದ ರಟ್ಟಿನ ತುಂಡೇ ಇಂಥ ಕಾರ್ಡುಗಳ ಮೂಲ. ಅದರ ಮೇಲೆ ಚಿತ್ರ ಅಚ್ಚಾದ ಮೇಲೆ ಐವತ್ತನ್ನೂ ಪೂರ್ತಿ ಮಾಡಬೇಕೆಂಬ ಹಂಬಲ ಗಿರಾಕಿಗಳಲ್ಲಿ ಹುಟ್ಟಿತು.

ಕತ್ತರಿ ತಗುಲಿದೆ ಎಂಬ ಒಂದೇ ಕಾರಣಕ್ಕೆ ಯಾವುದೂ ಕಾರ್ಡಿನ ಪಟ್ಟಿಯಿಂದ ಹೊರಬೀಳುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅಮೆರಿಕದ ಪೋಸ್ಟ್ ಕಂಪನಿ ಅರವತ್ತರ ದಶಕದ ಆರಂಭದಲ್ಲಿ ಬೆಳಗಿನ ತಿಂಡಿಯ ಡಬ್ಬಿಗಳ ಹಿಂಬದಿಯಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಗೆರೆ ಎಳೆದು ಅಚ್ಚು ಹಾಕುತ್ತಿತ್ತು. ಮಕ್ಕಳು ಮನೆಯಲ್ಲಿ ಕತ್ತರಿಸಿ ತೆಗೆದ ಆ ತುಂಡುಗಳನ್ನು ಕಾರ್ಡುಗಳ ಗುಣಮಟ್ಟಕ್ಕೆ ಅಂಕ ಕೊಡುವ ಪಿಎಸ್‌ಎಯಂಥ ಸಂಸ್ಥೆಗಳು ಇಂದಿಗೂ ಕಾರ್ಡುಗಳೆಂದೇ ಪರಿಗಣಿಸುತ್ತವೆ. 1996ರ ಕೊನೆಯಲ್ಲಿ ಅಲ್ಲಿಯ ಮಕ್ಕಳ ಕ್ರೀಡಾ ಮಾಸಿಕವೊಂದರ ಹಾಳೆಯಲ್ಲಿ ಬಂದ ಟೈಗರ್ ವುಡ್ಸ್ ಚಿತ್ರವನ್ನು ರಂಧ್ರಸಾಲಿನ ಗುಂಟ ಹರಿದು ತೆಗೆಯಬೇಕಿತ್ತು, ಅದು ಕೂಡ ಬಹಳ ಬೇಡಿಕೆಯ ಕಾರ್ಡು.

ಪತ್ರಿಕೆಯ ಮೂಲವೂ ದೋಷವಲ್ಲ. ಬಾಲ್ಟಿಮೋರ್ ನ್ಯೂಸ್ ಎಂಬ ದಿನಪತ್ರಿಕೆ 1914ರಲ್ಲಿ ಊರಿನ ತಂಡಗಳ ಆಟಗಾರರ ಕಾರ್ಡುಗಳನ್ನು ಪಂದ್ಯಗಳ ವೇಳಾಪಟ್ಟಿಯೊಂದಿಗೆ ಪ್ರತ್ಯೇಕವಾಗಿ ಮುದ್ರಿಸಿತ್ತು. ಅದರಲ್ಲಿದ್ದ, ಮುಂದೆ ಬೇಸ್‌ಬಾಲ್ ದಿಗ್ಗಜನಾದ, ಆಗಿನ್ನೂ ಹತ್ತೊಂಬತ್ತರ ಹರೆಯದ ಬೇಬ್ ರೂತ್ ಕಾರ್ಡು 2023ರ ಡಿಸೆಂಬರ್‌ನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಹರಾಜಾಯಿತು. ಆದರೆ ಅದೇ ಪತ್ರಿಕೆಯ ಕ್ರೀಡಾಪುಟದಿಂದ ಅದೇ ವರ್ಷ ಯಾರಾದರೂ ಕತ್ತರಿಸಿಕೊಂಡ ರೂತ್ ಚಿತ್ರ ಸಿಕ್ಕರೆ ಅದು ಕಾರ್ಡಲ್ಲ, ಪತ್ರಿಕೆಯ ತುಣುಕು. ನಿಮ್ಮ ಮಾವನವರ ಸಂಗ್ರಹ ಈ ಎರಡನೆಯ ಬಗೆಯದು.

ಆದ್ದರಿಂದ ಬಿಡಿ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಕಾರ್ಡೆಂದು ಮಾರಿದರೆ, ಕೊಳ್ಳುವವನಿಗೆ ಸುಳ್ಳು ಹೇಳಿದಂತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಅಂಟಿಸಿದ ಮೇಲೆ ಹಿಂಬದಿಯ ಅಚ್ಚು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ತುಣುಕಿನ ಬೆಲೆಯ ಅರ್ಧ ಪಾಲು ಆ ಹಿಂಬದಿಯಲ್ಲಿದೆ. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ.

ಉತ್ತರ: ಟ್ರಂಪ್ ಕಾರ್ಡ್ ಕಾಲದವನು

ಮೇಲಿನವರು ಹೇಳಿದ್ದು ಮಾರುಕಟ್ಟೆಯ ದೃಷ್ಟಿಯಿಂದ ಸರಿಯಾಗಿದೆ. ಆದರೂ ಬಿಡಿ ತುಣುಕುಗಳನ್ನೂ ಲಗ್ನಪತ್ರಿಕೆಗೆ ಅಂಟಿಸಿದವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನಗೆ ಒಪ್ಪಿಗೆಯಿಲ್ಲ. ಎಪ್ಪತ್ತರ ದಶಕದ ದಾವಣಗೆರೆಯ ಹುಡುಗನಿಗೆ ಚಂದ್ರಶೇಖರರ ಕಾರ್ಡನ್ನು ಯಾವ ಕಂಪನಿ ತಂದುಕೊಡುತ್ತಿತ್ತು? ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳೂ, ನಾವೆಲ್ಲ ಆಡಿದ ಟ್ರಂಪ್ ಕಾರ್ಡುಗಳೂ ನಮ್ಮ ಅಂಗಡಿಗಳಲ್ಲಿ ಮಾಮೂಲಾದದ್ದು ಆಮೇಲೆ. ಕಂಪನಿ ಮಾಡದ ಕೆಲಸವನ್ನು ನಿಮ್ಮ ಮಾವ ತಾವೇ ಮಾಡಿಕೊಂಡಿದ್ದಾರೆ: ಒಂದೇ ಅಳತೆ, ಮುಂದೆ ಚಿತ್ರ, ಹಿಂದೆ ಅಂಕಿಅಂಶ. ಅವು ಕೈಯಿಂದ ಮಾಡಿದ ಕಾರ್ಡುಗಳು. ಹಾಗೆಂದೇ ಸ್ಪಷ್ಟವಾಗಿ ಹೇಳಿ ತೋರಿಸಿದರೆ ಯಾರಿಗೂ ಮೋಸವಾಗುವುದಿಲ್ಲ. ಅವುಗಳಲ್ಲಿ ಒಂದನ್ನೂ ಮಾರಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬಿಡಿಬಿಡಿಯಾಗಿ ಹಂಚಿಹೋದರೆ ಅವುಗಳಿಗೆ ಅರ್ಥವಿಲ್ಲ, ಒಟ್ಟಿಗಿದ್ದರೆ ಒಬ್ಬ ಅಭಿಮಾನಿಯ ಇಪ್ಪತ್ತೈದು ವರ್ಷಗಳ ಆಯ್ಕೆ ಅಲ್ಲಿ ಕಾಣುತ್ತದೆ.

ಉತ್ತರ: ಕಾಗದದ ಕೆಲಸದವರು

ಬೆಲೆಯ ಚರ್ಚೆ ಮುಂದುವರಿಯಲಿ, ಮೊದಲು ಕಾಗದ ಉಳಿಯಬೇಕು. ಪತ್ರಿಕೆಯ ಕಾಗದವನ್ನು ಮರದ ತಿರುಳನ್ನು ಅರೆದು ಮಾಡುತ್ತಾರೆ. ಅದರಲ್ಲಿ ಉಳಿಯುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೂ ಗಾಳಿಗೂ ಹಳದಿಯಾಗುತ್ತದೆ, ಕಾಗದದಲ್ಲೇ ಆಮ್ಲ ಹೆಚ್ಚಿ ಕ್ರಮೇಣ ಪುಡಿಯಾಗುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ, ಪಿವಿಸಿ ಹಾಳೆಯ ಆಲ್ಬಮ್ ಬೇಡ. ಆಮ್ಲರಹಿತ ಕಾಗದದ ನಡುವೆ ಒಂದೊಂದೇ ತುಣುಕನ್ನು ಮಟ್ಟಸವಾಗಿ ಇಟ್ಟು, ಪಾಲಿಯೆಸ್ಟರ್ ಕವರಿಗೆ ಹಾಕಿ, ಕತ್ತಲೆಯ ಒಣ ಜಾಗದಲ್ಲಿ ಇರಿಸಿ. ಮೈದಾ ಅಂಟು ಹುಳುವನ್ನೂ ಜಿರಳೆಯನ್ನೂ ಕರೆಯುತ್ತದೆ, ಆದ್ದರಿಂದ ಅಂಟಿಸಿದವುಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಆಗಾಗ ನೋಡುತ್ತಿರಿ. ಲಗ್ನಪತ್ರಿಕೆಯಿಂದ ಬಿಡಿಸಲು ಹೋಗಬೇಡಿ. ಎಲ್ಲಕ್ಕೂ ಮೊದಲು ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿಕೊಳ್ಳಿ.

ಆ ಸ್ಕ್ಯಾನ್‌ಗಳಿಂದ ಹೊಸ ಕಾರ್ಡು ಅಚ್ಚು ಹಾಕಿಸಿ ಮಾರುವ ಯೋಚನೆ ನಿಮ್ಮ ತಮ್ಮನಿಗೆ ಬಂದರೆ ಈಗಲೇ ತಿಳಿಸಿ: ನಮ್ಮ ಕಾನೂನಿನ ಪ್ರಕಾರ ಛಾಯಾಚಿತ್ರದ ಹಕ್ಕು ಸಾಮಾನ್ಯವಾಗಿ ಅದನ್ನು ತೆಗೆದವರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. ಮೂಲ ತುಣುಕನ್ನು ಮಾರುವುದು ಬೇರೆ, ಅದರ ಪ್ರತಿ ಮಾಡಿ ಮಾರುವುದು ಬೇರೆ.

ಪ್ರತಿಕ್ರಿಯೆ: ದಾವಣಗೆರೆಯ ಅಳಿಯ

ತುಂಬಾ ಧನ್ಯವಾದಗಳು. ಅಂಟಿಸುವ ಯೋಚನೆ ಕೈಬಿಟ್ಟೆವು. ಬಿಡಿ ತುಣುಕುಗಳಲ್ಲಿ ಹೆಚ್ಚಿನವುಗಳ ಮೇಲೆ ದಿನಾಂಕವಿಲ್ಲ. ವಿಶ್ವನಾಥರ ಒಂದು ಚಿತ್ರದ ಅಡಿಬರಹದಲ್ಲಿ ‘ಅಜೇಯ 97’ ಎಂದಷ್ಟೇ ಇದೆ. ಹಿಂಬದಿಯಲ್ಲಿ ಬಟ್ಟೆ ಅಂಗಡಿಯೊಂದರ ಸಂಕ್ರಾಂತಿ ರಿಯಾಯಿತಿಯ ಜಾಹೀರಾತಿನ ಅರ್ಧ ಭಾಗವಿದೆ. ಇಂಥವುಗಳ ಕಾಲವನ್ನು ಹೇಗೆ ನಿರ್ಧರಿಸುವುದು?

ಉತ್ತರ: ಹಳೆಯ ಪುರವಣಿ

ಹಿಂಬದಿ ಮುಚ್ಚಬಾರದು ಎಂದದ್ದು ಇದಕ್ಕಾಗಿಯೇ. ಅಜೇಯ 97 ಎಂದರೆ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ, ಆ್ಯಂಡಿ ರಾಬರ್ಟ್ಸ್ ಒಬ್ಬರೇ ಏಳು ವಿಕೆಟ್ ಕಿತ್ತಾಗ ವಿಶ್ವನಾಥ್ ಆಡಿದ ಇನ್ನಿಂಗ್ಸ್. ಭಾರತ 190ಕ್ಕೆ ಆಲೌಟಾದ ಆ ಟೆಸ್ಟ್ ಆರಂಭವಾದದ್ದು 1975ರ ಜನವರಿ 11ರಂದು, ನಿಮ್ಮ ಸಂಕ್ರಾಂತಿ ಜಾಹೀರಾತು ಅದಕ್ಕೆ ಸರಿಯಾಗಿ ಹೊಂದುತ್ತದೆ. ಅಕ್ಷರದ ವಿನ್ಯಾಸ ನೋಡಿ ಯಾವ ಪತ್ರಿಕೆ ಎಂದು ಊಹಿಸಿ, ಗ್ರಂಥಾಲಯದಲ್ಲಿ ಆ ಪತ್ರಿಕೆಯ ಬೈಂಡ್ ಮಾಡಿದ ಸಂಪುಟವಿದ್ದರೆ ಜನವರಿ 12ರಿಂದ ನಾಲ್ಕೈದು ದಿನಗಳ ಪುಟಗಳನ್ನು ತೆರೆಸಿ ನೋಡಿ. ದಿನಾಂಕ ಸಿಕ್ಕ ಮೇಲೆ ಅದನ್ನು ತುಣುಕಿನ ಮೇಲೆ ಬರೆಯಬೇಡಿ, ಕವರಿನೊಳಗೆ ಬೇರೆ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದಿಡಿ.