ಅಪ್‌ಡೇಟ್: ಮಳೆಯ ದಿನ ಚಾಂಪಿಯನ್ ಹಿಲ್ ಮೈದಾನದಲ್ಲಿ

ಲಂಡನ್ನಿನ ಡಲಿಚ್ ಹ್ಯಾಮ್ಲೆಟ್ ಫುಟ್‌ಬಾಲ್ ತಂಡದ ಆಟವನ್ನು ಅದರ ಚಾಂಪಿಯನ್ ಹಿಲ್ ಮೈದಾನದಲ್ಲಿ ಮಳೆಯ ನಡುವೆ ನೋಡಲು ಹೋಗಬಹುದೇ ಎಂದು ಕಳೆದ ವಾರ ಕೇಳಿದ್ದೆ. ಶನಿವಾರ ಹೋಗಿ ಬಂದೆ. ನೀರು ನಿಂತರೆ ರೆಫರಿ ಆಟವನ್ನೇ ಮುಂದೂಡುತ್ತಾರೆ, ಆದ್ದರಿಂದ ಹೊರಡುವ ಮೊದಲು ಕ್ಲಬ್ಬಿನ ಪ್ರಕಟಣೆಯನ್ನು ನೋಡಿಕೊಳ್ಳಿ ಎಂದವರ ಸಲಹೆಯೇ ಕೈಹಿಡಿಯಿತು. ಕೊಡೆ ಒಯ್ಯಿರಿ ಎಂಬ ಸಲಹೆ ಮಾತ್ರ ಫಲಿಸಲಿಲ್ಲ: ಹಿಂದೆ ನಿಂತವರಿಗೆ ಅಡ್ಡವಾಗುತ್ತದೆಂದು ಅದನ್ನು ಮಡಚಿ, ಚಾವಣಿಯಿರುವ ಸ್ಟ್ಯಾಂಡಿಗೆ ಹೋಗಿ ಕುಳಿತೆ. ಗೋಲ್‌ಕೀಪರನ ಕೈಗವಸಿನಿಂದ ನೀರು ತೊಟ್ಟಿಕ್ಕುವುದೂ, ಉರುಳುತ್ತಿದ್ದ ಚೆಂಡು ಕೆಸರಿನಲ್ಲಿ ಗಕ್ಕನೆ ನಿಲ್ಲುವುದೂ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿದ್ದವು. ದೊಡ್ಡ ಕ್ರೀಡಾಂಗಣಗಳಲ್ಲಿ ಈ ಸಾಮೀಪ್ಯ ಸಿಗುವುದಿಲ್ಲ. 1948ರ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಕೊರಿಯಾ ಮೆಕ್ಸಿಕೋವನ್ನು 5–3ರಿಂದ ಸೋಲಿಸಿದ್ದು ಚಾಂಪಿಯನ್ ಹಿಲ್‌ನಲ್ಲಿಯೇ ಎಂದು ಪಕ್ಕದಲ್ಲಿದ್ದ ಹಿರಿಯರು ತಿಳಿಸಿದಾಗ ನಿಜಕ್ಕೂ ಬೆರಗಾದೆ. ಈಸ್ಟ್ ಡಲಿಚ್ ರೈಲು ನಿಲ್ದಾಣದಿಂದ ಮೈದಾನಕ್ಕೆ ನಡೆದೇ ಹೋಗಬಹುದು.